ಸಭೆಯಿಲ್ಲದ ವಿಶ್ವಾಸ ಸಾಧ್ಯವೇ? ‘ನೀವು’ ಎಂಬ ಮಾತಿನ ಬಹುವಚನ

ಪ್ರಶ್ನೆ: ನಾನು ಉಡುಪಿ ಕಡೆಯವಳು, ಮನೆಮಾತು ತುಳು. ಮದುವೆಯಾಗಿ ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ, ಇಲ್ಲಿಯೇ ಒಂದು ಕಂಪನಿಯಲ್ಲಿ ಕೆಲಸ. ದಿನವೂ ಸತ್ಯವೇದ ಓದುತ್ತೇನೆ, ಭಾನುವಾರ ಮೊಬೈಲಿನಲ್ಲಿ ಪ್ರಸಂಗ ಕೇಳುತ್ತೇನೆ. ಆದರೆ ಸಭೆಯ (ಚರ್ಚಿನ) ಚುನಾವಣೆಯ ಜಗಳ, ಗುಂಪುಗಾರಿಕೆ ನೋಡಿ ಬೇಸತ್ತು ನಾಲ್ಕು ವರ್ಷದಿಂದ ಸಭೆಗೆ ಹೋಗುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದೇವೆ. ಸಭೆಯಿಲ್ಲದೆ ಕ್ರೈಸ್ತಳಾಗಿ ಬದುಕಲಾಗದೇ? ಯೆರೆಮೀಯ 29:11 ನನ್ನ ಅಚ್ಚುಮೆಚ್ಚಿನ ವಾಕ್ಯ. ಹಾಗಿದ್ದರೂ ನನ್ನ ಜೀವನದ ಕುರಿತು ದೇವರ ಸಂಕಲ್ಪವೇನೆಂದು ಎಷ್ಟು ಪ್ರಾರ್ಥಿಸಿದರೂ ತಿಳಿಯುತ್ತಿಲ್ಲ. ಕೆಲಸ ಬಿಟ್ಟು ದೇವರ ಸೇವೆಗೆ ಇಳಿಯಬೇಕೇ? ಕೊನೆಯದಾಗಿ, ಮಕ್ಕಳನ್ನು ಕನ್ನಡ ಆರಾಧನೆಗೆ ಕರೆದೊಯ್ಯಬೇಕೋ, ಇಂಗ್ಲಿಷ್ ಆರಾಧನೆಗೋ?

ಉತ್ತರ:

ಪ್ರಿಯ ಸಹೋದರಿ,

ಸಭೆಯ ಕುರಿತ ನಿಮ್ಮ ಪ್ರಶ್ನೆಯೂ ದೇವರ ಸಂಕಲ್ಪದ ಕುರಿತ ಪ್ರಶ್ನೆಯೂ ಬೇರೆ ಬೇರೆಯಾಗಿ ಕಂಡರೂ ಅವೆರಡರ ಬೇರು ಒಂದೇ ಎಂದು ನನಗೆ ತೋರುತ್ತದೆ. ದೇವರ ಸಂಕಲ್ಪವನ್ನು ನೀವು ಒಬ್ಬರೇ ಕುಳಿತು ಹುಡುಕುತ್ತಿದ್ದೀರಿ; ಅದು ಒಂಟಿಯಾಗಿ ಹುಡುಕಿದವರಿಗೆ ಸಿಕ್ಕುವಂಥದ್ದಲ್ಲವಾದ್ದರಿಂದ ಸಿಕ್ಕುತ್ತಿಲ್ಲ. ಹೀಗೆಂದು ಹೇಳಿಬಿಡುವುದು ಸುಲಭ. ಆದರೆ ನೀವು ಇಷ್ಟು ವರ್ಷ ಹಿಡಿದುಕೊಂಡು ಬಂದಿರುವ ವಾಕ್ಯದಿಂದಲೇ ಅದನ್ನು ತೋರಿಸಿಕೊಡದಿದ್ದರೆ ನನ್ನ ಮಾತಿಗೆ ತೂಕವಿರುವುದಿಲ್ಲ. ಆದ್ದರಿಂದ ಯೆರೆಮೀಯನಿಂದಲೇ ಆರಂಭಿಸುತ್ತೇನೆ.

ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ, ಹೊಸ ವರ್ಷದ ಆರಾಧನೆಯಲ್ಲಿ ತೆಗೆದುಕೊಳ್ಳುವ ವಾಗ್ದಾನದ ಚೀಟಿಯಲ್ಲಿ, ಮದುವೆಯ ಕರೆಯೋಲೆಯಲ್ಲಿ ಆ ವಾಕ್ಯವನ್ನು ನಾವು ಎಷ್ಟು ಸಲ ಕಂಡಿಲ್ಲ! ಕರ್ತನು ನಮ್ಮ ಹಿತವನ್ನೇ ಯೋಚಿಸುತ್ತಾನೆ, ನಮಗೆ ಒಳ್ಳೆಯ ನಾಳೆಯೂ ನಿರೀಕ್ಷೆಯೂ ಇವೆ ಎಂಬುದು ಅದರ ಭಾವ. ಅದನ್ನು ನಾವು ತಪ್ಪಾಗಿ ಓದುವುದಕ್ಕೆ ನಮ್ಮ ಭಾಷೆಯ ಒಂದು ಸೌಜನ್ಯವೂ ಕಾರಣ. ಈ ಉತ್ತರದ ಉದ್ದಕ್ಕೂ ನಾನು ನಿಮ್ಮನ್ನು ‘ನೀವು’ ಎನ್ನುತ್ತಿದ್ದೇನೆ. ಇರುವವರು ನೀವೊಬ್ಬರೇ, ಬಹುವಚನ ಗೌರವಕ್ಕೆ. ಇದೇ ರೂಢಿಯಾದ ಕಿವಿಯಿಂದ ಯೆರೆಮೀಯನನ್ನು ಕೇಳಿದಾಗ ಅಲ್ಲಿಯ ‘ನಿಮ್ಮ’ ಎಂಬುದೂ ನನ್ನೊಬ್ಬನನ್ನು ಕುರಿತ ಮರ್ಯಾದೆಯ ಮಾತೆಂದೇ ಭಾಸವಾಗುತ್ತದೆ. ಆದರೆ ಸತ್ಯವೇದದ ಹಳೆಯ ಕನ್ನಡ ಅನುವಾದದಲ್ಲಿ ಗೌರವದ ಬಹುವಚನ ಇಲ್ಲವೆನ್ನುವಷ್ಟು ಅಪರೂಪ. ಅಲ್ಲಿ ದಾವೀದ ಅರಸನಿಗೂ ‘ನೀನು’, ಪಿಲಾತನಿಗೂ ‘ನೀನು’, ಪ್ರಾರ್ಥನೆಯಲ್ಲಿ ದೇವರಿಗೂ ‘ನೀನು’. ‘ನೀವು’ ಎಂದು ಬಂದರೆ ಎದುರಿಗೆ ಹಲವರು ಇದ್ದಾರೆಂದೇ ತಿಳಿಯಬೇಕು. ಈ ವಾಕ್ಯದ ಮೂಲ ಹೀಬ್ರುವಿನಲ್ಲಿಯೂ ಅದು ಬಹುವಚನವೇ.

ಆ ಹಲವರು ಯಾರು? ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಸೆರೆಯೊಯ್ದವರು: ಅರಸನಾದ ಯೆಕೊನ್ಯ, ಅವನ ತಾಯಿ, ಅಧಿಕಾರಿಗಳು, ಬಡಗಿಗಳು, ಕಮ್ಮಾರರು. ಗುರುತಿಲ್ಲದ ದೇಶದಲ್ಲಿ ಮನಸ್ಸು ಕುಂದಿದ್ದ ಈ ಜನರಿಗೆ ಯೆರೆಮೀಯ ಬರೆದ ಕಾಗದವೇ 29ನೆಯ ಅಧ್ಯಾಯ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಎಲ್ಲರೆದುರು ನಿಂತು, ಎರಡೇ ವರ್ಷದೊಳಗೆ ಎಲ್ಲವೂ ಮೊದಲಿನಂತಾಗುತ್ತದೆ ಎಂದು ಸಾರಿದ್ದ. ಕೇಳುವವರಿಗೆ ಇದಕ್ಕಿಂತ ಹಿತವಾದ ಮಾತು ಉಂಟೇ? ಯೆರೆಮೀಯನ ಲೆಕ್ಕ ಬೇರೆಯಿತ್ತು. ಅವನು ಹೇಳಿದ್ದು ಎಪ್ಪತ್ತು ವರ್ಷ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿಸಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ, ಅದರ ಕ್ಷೇಮದಲ್ಲಿ ನಿಮ್ಮ ಕ್ಷೇಮವೂ ಇದೆ ಎಂದು ಅವನು ಬರೆದ.

ಈ ಎಪ್ಪತ್ತು ವರ್ಷವನ್ನು ನಾವು ಸಾಮಾನ್ಯವಾಗಿ ಓದಿ ಮುಂದೆ ಹೋಗುತ್ತೇವೆ, ಆದರೆ ಒಂದು ಗಳಿಗೆ ಅಲ್ಲಿ ನಿಲ್ಲಬೇಕು. ಆ ಕಾಗದವನ್ನು ಬಿಚ್ಚಿ ಗಟ್ಟಿಯಾಗಿ ಓದಿಸಿದ ಹಿರಿಯರಲ್ಲಿ ಹೆಚ್ಚಿನವರು ಮರಳಿ ಊರು ಕಾಣದೆ ಬಾಬೆಲಿನಲ್ಲಿಯೇ ಮಣ್ಣಾಗುವವರು. ಅವರಿಗೆ ವೈಯಕ್ತಿಕವಾಗಿ ನೆರವೇರದ ವಾಗ್ದಾನ ಅವರಿಗೇ ಕೊಡಲ್ಪಟ್ಟಿತು, ಏಕೆಂದರೆ ಅದು ಜನಾಂಗಕ್ಕೆ ಕೊಟ್ಟದ್ದು. ಅವರ ಪಾಲು ಮನೆ ಕಟ್ಟುವುದು, ಗಿಡ ನೆಡುವುದು, ಮಕ್ಕಳನ್ನು ಬೆಳೆಸುವುದು. ದೇವರ ಸಂಕಲ್ಪವೆಂದರೆ ನನ್ನ ಕೆಲಸ, ನನ್ನ ಮನೆ, ನನ್ನ ಮಕ್ಕಳ ಸೀಟು ಇವುಗಳ ನಕ್ಷೆಯೆಂದು ಭಾವಿಸಿದವರಿಗೆ ಈ ಅಧ್ಯಾಯ ನಿರಾಶೆ ತರಬಹುದು. ನನಗಂತೂ ಅದರಲ್ಲಿ ದೊಡ್ಡ ಬಿಡುಗಡೆ ಕಂಡಿದೆ: ಇಡೀ ನಕ್ಷೆಯನ್ನು ನಾನೊಬ್ಬನೇ ಓದಿ ಮುಗಿಸಬೇಕಾಗಿಲ್ಲ.

ಹಾಗಾದರೆ ಅಬ್ರಹಾಮ, ಮೋಶೆ, ಪೌಲ ಇವರನ್ನು ದೇವರು ಒಬ್ಬೊಬ್ಬರನ್ನಾಗಿ ಕರೆಯಲಿಲ್ಲವೇ ಎಂದು ನೀವು ಕೇಳಬಹುದು. ಕರೆದನು, ಆದರೆ ಒಬ್ಬೊಬ್ಬರ ಕರೆಯೂ ಒಂದು ಜನಸಮೂಹಕ್ಕಾಗಿಯೇ ಆಗಿತ್ತು. ಅಬ್ರಹಾಮನಿಗೆ ‘ನಿನ್ನನ್ನು ಆಶೀರ್ವದಿಸುವೆನು’ ಎಂದದ್ದರ ಬೆನ್ನಿಗೇ ಭೂಲೋಕದ ಎಲ್ಲ ಕುಲಗಳ ಮಾತು ಬರುತ್ತದೆ. ಪೌಲನ ಮೊದಲ ಪ್ರಯಾಣದ ಆರಂಭವನ್ನು ಅಪೊಸ್ತಲರ ಕೃತ್ಯಗಳು 13ರಲ್ಲಿ ನೋಡಿ: ಅಂತಿಯೋಕ್ಯದ ಸಭೆ ಆರಾಧನೆಯಲ್ಲಿಯೂ ಉಪವಾಸದಲ್ಲಿಯೂ ಇದ್ದಾಗ ಬಾರ್ನಬನನ್ನೂ ಸೌಲನನ್ನೂ (ಪೌಲನ ಇನ್ನೊಂದು ಹೆಸರು) ಪ್ರತ್ಯೇಕಿಸಿರೆಂಬ ಮಾತು ಅಲ್ಲಿ ಕೂಡಿದ್ದವರಿಗೆ ಕೇಳಿಸಿತು, ಅವರೇ ಕೈಯಿಟ್ಟು ಕಳುಹಿಸಿಕೊಟ್ಟರು. ದಮಸ್ಕದ ದಾರಿಯಲ್ಲಿ ಬೆಳಕನ್ನು ಕಂಡ ಪೌಲನೂ ನೆಲದಿಂದೆದ್ದು ಪರರ ಕೈ ಹಿಡಿದು ಊರೊಳಗೆ ಹೋಗಬೇಕಾಯಿತು. ಅವನ ಕಣ್ಣು ತೆರೆದದ್ದು ಅನನೀಯನೆಂಬ, ಅವನನ್ನು ಕಂಡರೆ ಹೆದರುತ್ತಿದ್ದ, ಒಬ್ಬ ಸಾಮಾನ್ಯ ವಿಶ್ವಾಸಿ ಬಂದು ತಲೆಯ ಮೇಲೆ ಕೈಯಿಟ್ಟು ‘ಸಹೋದರನಾದ ಸೌಲನೇ’ ಎಂದ ಮೇಲೆ.

ನಮ್ಮ ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ‘ನಾನು’ ಎಂಬ ಪದವಿಲ್ಲ. ‘ನಮ್ಮ ತಂದೆಯೇ’ ಎಂದು ಮೊದಲಾಗಿ ‘ನಮ್ಮ ಅನುದಿನದ ಆಹಾರ’, ‘ನಮ್ಮ ತಪ್ಪುಗಳು’ ಎಂದೇ ಅದು ಸಾಗುತ್ತದೆ. ಕೋಣೆಯ ಬಾಗಿಲು ಮುಚ್ಚಿಕೊಂಡು ಒಬ್ಬರೇ ಹೇಳಿದರೂ ಅದು ಸಭೆಯ ಪ್ರಾರ್ಥನೆಯೇ. ಹಾಗೆಯೇ ಅಪೊಸ್ತಲರ ಪತ್ರಿಕೆಗಳಲ್ಲಿ ‘ಒಬ್ಬರನ್ನೊಬ್ಬರು’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ: ಸೈರಿಸಿಕೊಳ್ಳಿ, ಕ್ಷಮಿಸಿ, ಬುದ್ಧಿಹೇಳಿ, ಭಾರ ಹೊತ್ತುಕೊಳ್ಳಿ. ಇವುಗಳನ್ನು ಮೊಬೈಲಿನ ಪ್ರಸಂಗಕಾರರೊಂದಿಗೆ ಪಾಲಿಸುವುದು ಹೇಗೆ? ಅವರು ನಿಮ್ಮ ಕಾಲು ತುಳಿಯುವುದಿಲ್ಲ, ನೀವು ಅವರನ್ನು ಕ್ಷಮಿಸಬೇಕಾಗಿ ಬರುವುದಿಲ್ಲ. ಒಳ್ಳೆಯ ಪ್ರಸಂಗ ಕೇಳುವುದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಹಾಸಿಗೆ ಹಿಡಿದವರಿಗೆ, ಪಾಳಿಯ ಕೆಲಸದವರಿಗೆ ಅದು ನಿಜವಾದ ಆಸರೆ. ಆದರೆ ಅದು ಊಟದ ಚಿತ್ರ, ಪಂಕ್ತಿಯಲ್ಲ.

ಇನ್ನು ಜಗಳದ ವಿಷಯ. ಆದಿಸಭೆಯ ಬಗ್ಗೆ ನಾವು ಮಾತಾಡುವಾಗ ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದ ಕೊನೆಯನ್ನು ಓದಿ, ಎಲ್ಲರೂ ಸೊತ್ತನ್ನು ಹಂಚಿಕೊಂಡು ಹರ್ಷದಿಂದ ಉಣ್ಣುತ್ತಿದ್ದರು ಎಂದು ನಿಲ್ಲಿಸುತ್ತೇವೆ. ಆರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದೇ ಊಟದಲ್ಲಿ ಪಂಕ್ತಿಭೇದದ ದೂರು ಎದ್ದಿದೆ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸರಿಯಾಗಿ ಸಿಕ್ಕುತ್ತಿಲ್ಲ, ಸ್ಥಳೀಯ ಭಾಷೆಯವರಿಗೆ ಸಿಕ್ಕುತ್ತಿದೆ. ಭಾಷೆಯ ಜಗಳ, ಊಟದ ಜಗಳ, ನಮ್ಮವರು ನಿಮ್ಮವರು ಎಂಬ ಜಗಳ. ನಿಮ್ಮ ಸಭೆಯಲ್ಲಿ ಕಂಡದ್ದು ಇದಕ್ಕಿಂತ ಹೊಸದಾಗಿರಲಾರದು. ನನಗೆ ಸೋಜಿಗವೆನಿಸುವುದು ಅದರ ಪರಿಹಾರ. ಅಪೊಸ್ತಲರು ದೂರಿದವರನ್ನು ಗದರಿಸಲಿಲ್ಲ, ಐಕ್ಯದ ಮೇಲೆ ಪ್ರಸಂಗ ಮಾಡಿ ಮುಗಿಸಲೂ ಇಲ್ಲ. ಏಳು ಮಂದಿಯನ್ನು ಆರಿಸಲು ಹೇಳಿದರು, ಆರಿಸಲ್ಪಟ್ಟ ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ ಇವು ಏಳೂ ಗ್ರೀಕ್ ಹೆಸರುಗಳು. ಅಂದರೆ ನೊಂದವರ ಕಡೆಯವರ ಕೈಗೇ ಸೌಟು ಹೋಯಿತು. ಸಭೆಯಲ್ಲಿ ಅಧಿಕಾರ ಹೇಗೆ ಕೈ ಬದಲಾಯಿಸಬೇಕೆಂಬುದಕ್ಕೆ ನಮ್ಮ ಚುನಾವಣಾ ನಿಯಮಾವಳಿಗಳಿಗಿಂತ ಆ ಏಳು ಹೆಸರುಗಳೇ ಉತ್ತಮ ಪಾಠ. ಸುವಾರ್ತೆ ಯೆರೂಸಲೇಮಿನ ಗಡಿ ದಾಟಿ ಸಮಾರ್ಯಕ್ಕೆ ಹೋದದ್ದೂ ಇದೇ ಸೌಟು ಹಿಡಿದ ಫಿಲಿಪ್ಪನಿಂದ.

ಕೊರಿಂಥದಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಕರ್ತನ ಭೋಜನಕ್ಕೆ ಕೂಡಿಬಂದಾಗ ಮುಂಚೆ ಬಂದವರು ತಮ್ಮ ಬುತ್ತಿಯನ್ನು ತಾವೇ ಉಂಡು ಕುಡಿದು ತೂರಾಡುತ್ತಿದ್ದರು, ಇಲ್ಲದವರು ಹಸಿದು ಕುಳಿತಿರುತ್ತಿದ್ದರು. ಪೌಲ ಅದನ್ನು ಬರಿಯ ಅಸಭ್ಯತೆ ಎನ್ನಲಿಲ್ಲ. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದ. ನಮ್ಮ ದೇಶದಲ್ಲಿ ಈ ಮಾತಿಗೆ ಜಾತಿಯೆಂಬ ಇನ್ನೊಂದು ಮೈ ಇದೆ. ತಂಜಾವೂರಿನ ತಮಿಳು ಸಭೆಗಳಲ್ಲಿ ಬೇರೆ ಬೇರೆ ಜಾತಿಯವರು ಬೇರೆ ಬೇರೆ ಕಡೆ ಕುಳಿತು, ಕರ್ತನ ಭೋಜನದ ಸಂಸ್ಕಾರಕ್ಕೂ ಜಾತಿಯ ಸರದಿಯಲ್ಲಿಯೇ ಬರುತ್ತಿದ್ದ ಕಾಲವಿತ್ತು. ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಅದನ್ನು ಕೂಡಲೇ ನಿಲ್ಲಿಸಬೇಕೆಂದು ಕಟ್ಟಪ್ಪಣೆ ಮಾಡಿದಾಗ ಸಭೆ ಬಿಟ್ಟು ಹೊರಟವರೂ ಅನೇಕರು. ಇಂದು ನಾವು ಒಂದೇ ಪಾತ್ರೆಯಿಂದ ತೆಗೆದುಕೊಳ್ಳುತ್ತೇವೆ, ಆದರೆ ಮಗಳಿಗೆ ವರ ಹುಡುಕುವಾಗ ಎರಡು ಮೂರು ತಲೆಮಾರಿನ ಹಿಂದಿನ ಜಾತಿಯನ್ನು ಮೆಲ್ಲನೆ ವಿಚಾರಿಸುತ್ತೇವೆ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ದೇವರ ಸಂಕಲ್ಪವೆಂಬ ಮಾತು ಬರುವುದು ಇಂಥಲ್ಲಿಯೇ: ಎರಡು ಜನಾಂಗಗಳ ನಡುವಿನ ಅಡ್ಡಗೋಡೆಯನ್ನು ಕ್ರಿಸ್ತನು ಕೆಡವಿ ಒಂದೇ ಮನೆವಾರ್ತೆಯನ್ನಾಗಿ ಮಾಡಿದನು, ಯುಗಯುಗಗಳಿಂದ ಮರೆಯಾಗಿದ್ದ ಸಂಕಲ್ಪ ಸಭೆಯ ಮೂಲಕ ತೋರಿಬರಬೇಕು ಎಂದು. ಗೋಡೆಯಾಚೆಯವರೊಂದಿಗೆ ಕೂಡಿ ಬಾಳುವುದೇ ಆ ಸಂಕಲ್ಪವಾಗಿದ್ದರೆ, ಒಬ್ಬರೇ ಮನೆಯಲ್ಲಿ ಕುಳಿತು ಅದನ್ನು ಪಾಲಿಸುವ ದಾರಿ ಯಾವುದು?

ನಿಮ್ಮ ಊರಿನ ಕಡೆಯ ಚರಿತ್ರೆಯಿಂದಲೇ ಒಂದನ್ನು ಹೇಳುತ್ತೇನೆ. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೆನರ್, ಗ್ರೈನರ್ ಎಂಬ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ದೀಕ್ಷಾಸ್ನಾನ ಹೊಂದಿದವರಿಗೆ ಅಲ್ಲಿ ಎದುರಾದ ಮೊದಲ ಸಮಸ್ಯೆ ದೈವಶಾಸ್ತ್ರದ್ದಲ್ಲ, ಗಂಜಿಯದ್ದು. ಮನೆಯವರು ಹೊರಹಾಕಿದರು, ಭೂಮಾಲೀಕ ಗೇಣಿ ಬಿಡಿಸಿದ, ಕುಲಕಸುಬು ಕೈಬಿಟ್ಟಿತು. ಸಭೆ ಎಂದರೆ ಭಾನುವಾರದ ಕೂಟ ಮಾತ್ರವಾಗಿದ್ದರೆ ಆ ಜನ ಉಳಿಯುತ್ತಿರಲಿಲ್ಲ. ನೇಯ್ಗೆ, ಮುದ್ರಣ, ಪುಸ್ತಕ ಕಟ್ಟುವ ಕೆಲಸ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆ ಇವೆಲ್ಲ ಹುಟ್ಟಿಕೊಂಡದ್ದರ ಹಿಂದೆ ಈ ಒತ್ತಡವಿತ್ತು. ನೇತ್ರಾವತಿಯ ದಂಡೆಯ ಜೇಡಿಮಣ್ಣು ಹೆಂಚಾಗಿ ಕರಾವಳಿಯ ಎಲ್ಲ ಜಾತಿಯ, ಎಲ್ಲ ಮತದ ಮನೆಗಳ ಮಾಡಿನ ಮೇಲೆ ಕುಳಿತಿತು. ಬಾಬೆಲಿನ ಕಾಗದದಲ್ಲಿದ್ದ ಪಟ್ಟಣದ ಕ್ಷೇಮದ ಮಾತಿಗೆ ಕೈಗೆ ಸಿಕ್ಕುವಂಥ ಉದಾಹರಣೆ ಬೇಕಿದ್ದರೆ ಇದೊಂದು. ಆದರೆ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಕೆಲಸ ಕೊಡುವವರೂ ಮನೆ ಕೊಡುವವರೂ ಆತ್ಮಿಕ ವಿಚಾರಣೆ ಮಾಡುವವರೂ ಒಬ್ಬರೇ ಆದಾಗ ವಿಶ್ವಾಸಿ ಎದುರು ಮಾತಾಡುವುದನ್ನು ಮರೆಯುತ್ತಾನೆ. ಮಿಷನ್ ಕಂಪೌಂಡು ಆಸರೆಯಾಗಿ ಹುಟ್ಟಿ ಬರಬರುತ್ತಾ ಆವರಣವೂ ಆಯಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಹೊರಟುಹೋಗಿ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ವಶವಾದಾಗ, ತಮ್ಮ ಸಭೆಯನ್ನು ತಾವೇ ನಡೆಸಿಕೊಂಡು ಹೋಗುವುದನ್ನು ಜನ ಕಷ್ಟದಲ್ಲಿ ಕಲಿಯಬೇಕಾಯಿತು. ನೀವು ಬೇಸತ್ತ ಚುನಾವಣೆಯ ಹಿಂದೆ ಈ ಕಲಿಕೆಯ ಚರಿತ್ರೆಯೂ ಸ್ವಲ್ಪ ಇದೆ. ಒಪ್ಪುತ್ತೇನೆ, ನಾವು ಇನ್ನೂ ಚೆನ್ನಾಗಿ ಕಲಿತಿಲ್ಲ.

ಇಂಥ ಕಲಿಕೆಗೆ ತಾಳ್ಮೆ ಬೇಕು, ಅದಕ್ಕೆ ಇನ್ನೊಂದು ಉದಾಹರಣೆ. 1919ರ ಮೇ ತಿಂಗಳಲ್ಲಿ ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿ ಬೇರೆ ಬೇರೆ ಪಂಗಡಗಳ ಸಭಾಪಾಲಕರು, ಹೆಚ್ಚುಕಡಿಮೆ ಎಲ್ಲರೂ ಭಾರತೀಯರು, ಕೂಡಿಬಂದು, ಯುರೋಪಿನಲ್ಲಿ ಹುಟ್ಟಿದ ಒಡಕುಗಳನ್ನು ನಾವೇಕೆ ಹೊರಬೇಕು, ಒಡೆದ ಸಭೆ ಈ ದೇಶಕ್ಕೆ ಏನು ಸಾರೀತು ಎಂದು ಕೇಳಿಕೊಂಡರು. ದೋರ್ನಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯ ಅವರು ಅದರ ಮುಂದಾಳುಗಳಲ್ಲಿ ಒಬ್ಬರು. ಆ ಮೇಲೆ 28 ವರ್ಷ ಸಮಿತಿಗಳು, ಕರಡುಗಳು, ತಿದ್ದುಪಡಿಗಳು. ಬಿಷಪರ ಕೈಯಿಂದ ಅಭಿಷೇಕ ಹೊಂದದ ಸಭಾಪಾಲಕರನ್ನು ಒಪ್ಪುವುದು ಹೇಗೆಂಬ ಒಂದೇ ಪ್ರಶ್ನೆಗೆ ಎಷ್ಟು ಕಾಗದ ಸವೆಯಿತೋ! ಕೊನೆಗೆ 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸಂತ ಜಾರ್ಜರ ಕೆಥೆಡ್ರಲಿನಲ್ಲಿ ಆ ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಉದಯಿಸಿತು. ಅಜರಯ್ಯ ಅದನ್ನು ನೋಡಲಿಲ್ಲ. 1945ರ ಜನವರಿ 1ರಂದೇ ತೀರಿಕೊಂಡಿದ್ದರು. ಸಮಿತಿಯ ಸಭೆಗಳಲ್ಲಿ ಕುಳಿತು ಆಕಳಿಸಿದಾಗಲೆಲ್ಲ ನಾನು ಇದನ್ನು ನೆನೆಯುತ್ತೇನೆ.

ನೀವು ಸಭೆಯ ತಪ್ಪುಗಳನ್ನು ಹೇಳಿದ್ದೀರಿ, ಆದ್ದರಿಂದ ನನ್ನದೊಂದನ್ನು ಹೇಳುವುದು ನ್ಯಾಯ. ನಾನು ಸಭಾಪಾಲಕನಾಗಿದ್ದ ಒಂದು ಸಭೆಯಲ್ಲಿ ವರ್ಷಾಂತ್ಯಕ್ಕೆ ಸದಸ್ಯರ ಪಟ್ಟಿಯನ್ನು ಪರಿಷ್ಕರಿಸುವ ಕ್ರಮವಿತ್ತು. ವಂತಿಗೆ ಬಾಕಿಯಿದ್ದ ಹೆಸರುಗಳನ್ನು ಖಜಾಂಚಿಯವರು ಓದುತ್ತಿದ್ದರು, ನಾನು ಕೆಂಪು ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದೆ. ಅದರಲ್ಲಿ ಒಬ್ಬ ಹಿರಿಯರ ಹೆಸರಿಗೂ ಗೀಟು ಬಿತ್ತು. ಎರಡು ವಾರದ ಮೇಲೆ ಬೇರೆ ಯಾವುದೋ ಮನೆಗೆ ಹೋಗುವಾಗ ದಾರಿಯಲ್ಲಿ ಅವರ ಮನೆ ಸಿಕ್ಕಿತು. ಪಾರ್ಶ್ವವಾಯು ಬಡಿದು ಏಳು ತಿಂಗಳಿನಿಂದ ಅವರು ಹಾಸಿಗೆಯಲ್ಲಿದ್ದರು. ತಲೆದಿಂಬಿನ ಪಕ್ಕದಲ್ಲಿ ವಂತಿಗೆಯ ಲಕೋಟೆಗಳು ತಿಂಗಳ ಪ್ರಕಾರ ಜೋಡಿಸಿ ಇಟ್ಟಿದ್ದವು, ಏಳೂ ತುಂಬಿದ್ದವು. ತಂದು ಮುಟ್ಟಿಸುವವರು ಇರಲಿಲ್ಲ, ಕೇಳಲು ಹೋದವರೂ ಇರಲಿಲ್ಲ. ಅವರ ಪತ್ನಿ ನನಗೆ ಚಹಾ ಕೊಟ್ಟರು, ದೂರಿನ ಒಂದು ಮಾತೂ ಆಡಲಿಲ್ಲ. ಆ ಗೀಟನ್ನು ರಬ್ಬರಿನಿಂದ ಅಳಿಸಿದರೂ ಗುರುತು ಪುಸ್ತಕದಲ್ಲಿ ಉಳಿಯಿತು. ಸಭೆ ಬಿಟ್ಟವರನ್ನು ಕಂಡಾಗ, ಅವರು ನಮ್ಮನ್ನು ಬಿಟ್ಟರೋ ನಾವು ಅವರನ್ನು ಬಿಟ್ಟೆವೋ ಎಂದು ಕೇಳುವುದನ್ನು ಅಂದಿನಿಂದ ಕಲಿತೆ. ನಿಮ್ಮ ವಿಷಯದಲ್ಲಿಯೂ, ಈ ನಾಲ್ಕು ವರ್ಷಗಳಲ್ಲಿ ಅಲ್ಲಿಂದ ಯಾರಾದರೂ ನಿಮ್ಮ ಬಾಗಿಲು ತಟ್ಟಿದ್ದರೇ ಎಂಬುದು ನನ್ನ ಮನಸ್ಸಿನಲ್ಲಿರುವ ಪ್ರಶ್ನೆ.

ಕೆಲಸ ಬಿಡುವ ವಿಚಾರಕ್ಕೆ ಉತ್ತರ ಚಿಕ್ಕದು: ಬಿಡಬೇಡಿ, ಕನಿಷ್ಠ ಈಗ ಬೇಡ. ‘ದೇವರ ಸೇವೆ’ ಎಂಬುದನ್ನು ನಾವು ಸಂಬಳವಿಲ್ಲದ ಅಥವಾ ಸಭೆಯ ಸಂಬಳದ ಕೆಲಸಕ್ಕೆ ಮಾತ್ರ ಕೊಟ್ಟುಬಿಟ್ಟಿದ್ದೇವೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದ ವಂದನೆಗಳನ್ನು ಓದಿ. ಹೆಸರುಗಳ ಪಟ್ಟಿಯೆಂದು ಹಾರಿಸಬೇಡಿ. ಗುಡಾರ ಹೊಲಿಯುವ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಮನೆಯಲ್ಲಿ ಸಭೆ ಕೂಡುತ್ತಿತ್ತು, ಕೆಂಖ್ರೆಯ ಫೊಯಿಬೆ ಅನೇಕರಿಗೆ ಆಶ್ರಯವಾಗಿದ್ದಳು, ಎರಸ್ತ ಪಟ್ಟಣದ ಖಜಾನೆಯ ಅಧಿಕಾರಿ, ತೆರ್ತ್ಯ ಪತ್ರಿಕೆಯನ್ನು ಬರೆದುಕೊಂಡವನು. ಅಷ್ಟು ದೊಡ್ಡ ದೈವಶಾಸ್ತ್ರದ ನಡುವೆ ತನ್ನದೊಂದು ನಮಸ್ಕಾರವನ್ನೂ ಅವನು ಸೇರಿಸಿಬಿಟ್ಟಿದ್ದಾನೆ. ಇವರಲ್ಲಿ ಎರಸ್ತ ಖಜಾನೆಯ ಕೆಲಸ ಬಿಟ್ಟನೆಂದು ಎಲ್ಲಿಯೂ ಹೇಳಿಲ್ಲ. ಪೂರ್ಣಾವಧಿಯ ಸೇವೆಗೆ ನಿಜವಾಗಿ ಕರೆ ಇದ್ದರೆ, ಅಂತಿಯೋಕ್ಯದಲ್ಲಿ ಆದಂತೆ, ಅದು ನಿಮ್ಮ ಜೊತೆ ದುಡಿದವರ ಬಾಯಿಂದಲೂ ಬರುತ್ತದೆ. ಜೊತೆಗಾರರೇ ಇಲ್ಲದಿರುವಾಗ ಕೇಳಿಸುವ ಕರೆಯನ್ನು, ಅದರಲ್ಲಿಯೂ ಕಚೇರಿಯ ಆಯಾಸ ಹೆಚ್ಚಾದ ದಿನಗಳಲ್ಲಿ ಕೇಳಿಸುವುದನ್ನು, ಸ್ವಲ್ಪ ಸಂಶಯದಿಂದಲೇ ನೋಡುವುದು ಒಳ್ಳೆಯದು.

ಹಾಗಾದರೆ ಮರಳುವುದು ಹೇಗೆ? ಮೊದಲು ಒಂದು ಎಚ್ಚರಿಕೆ. ನೀವು ಕಂಡದ್ದು ಗುಂಪುಗಾರಿಕೆ ಮತ್ತು ಒರಟು ಮಾತು ಆಗಿದ್ದರೆ ಮೇಲಿನದೆಲ್ಲ ಅನ್ವಯಿಸುತ್ತದೆ. ಹಣದ ವಂಚನೆ, ಹೆಂಗಸರ ಅಥವಾ ಮಕ್ಕಳ ಮೇಲಿನ ದೌರ್ಜನ್ಯ ಆಗಿದ್ದರೆ ‘ಸೈರಿಸಿಕೊಳ್ಳಿ’ ಎಂಬ ವಾಕ್ಯವನ್ನು ಯಾರೂ ನಿಮ್ಮ ಮೇಲೆ ಪ್ರಯೋಗಿಸಬಾರದು. ಅಂಥದ್ದನ್ನು ಮೇಲಿನವರಿಗೂ ಅಗತ್ಯವಿದ್ದರೆ ಪೊಲೀಸರಿಗೂ ತಿಳಿಸಿ, ಬೇರೆ ಸಭೆಗೆ ಹೋಗುವುದು ಪಾಪವಲ್ಲ. ಇಲ್ಲವಾದರೆ ಮನೆಗೆ ಹತ್ತಿರದ ಸಭೆಯನ್ನೇ ಆರಿಸಿಕೊಳ್ಳಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ದೂರದ ಸಭೆಗೆ ಕಾರಿನಲ್ಲಿ ಹೋಗಿಬರುವವರು ಎಂದಿಗೂ ಅತಿಥಿಗಳೇ. ರಾತ್ರಿ ಹನ್ನೊಂದಕ್ಕೆ ಯಾರಿಗಾದರೂ ಆಸ್ಪತ್ರೆಗೆ ಊಟ ಒಯ್ಯಬೇಕಾದಾಗ ಹತ್ತಿರದವರೇ ಬೇಕು. ಹೋದ ಮೇಲೆ ಸಮಿತಿಗೆ ಸೇರಬೇಡಿ, ಗಾಯನ ತಂಡಕ್ಕೂ ಅವಸರವಿಲ್ಲ. ಹಾಸಿಗೆ ಹಿಡಿದವರ, ಒಂಟಿಯಾಗಿರುವ ಹಿರಿಯರ ಪಟ್ಟಿಯನ್ನು ಸಭಾಪಾಲಕರಿಂದ ಕೇಳಿ ಪಡೆದು ಅದರಲ್ಲಿ ಇಬ್ಬರನ್ನು ನಿಮ್ಮವರನ್ನಾಗಿ ಮಾಡಿಕೊಳ್ಳಿ. ಪಟ್ಟಿಯೇ ಇಲ್ಲವೆಂದರೆ ಅದನ್ನು ಬರೆಯುವುದೇ ನಿಮ್ಮ ಮೊದಲ ಕೆಲಸವಾಗಲಿ.

ಊರಿನ ಬೆಳೆ ಹಬ್ಬ ನಿಮಗೆ ನೆನಪಿರಬೇಕು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಬಸಳೆಯ ಕಟ್ಟು, ಸೋರೆಕಾಯಿ, ಕಾಲು ಕಟ್ಟಿದ ಹೇಂಟೆ, ಬಾಳೆಗೊನೆ. ಒಮ್ಮೆ ಒಂದು ತೆಂಗಿನಕಾಯಿಯನ್ನು ಕೊಂಡವರು ಮತ್ತೆ ಹರಾಜಿಗೆ ಇಟ್ಟರು, ಕೊಂಡ ಇನ್ನೊಬ್ಬರೂ ಹಾಗೆಯೇ ಮಾಡಿದರು. ಐದಾರು ಕೈ ಬದಲಾಯಿಸಿ ಕೊನೆಗೆ ಅದು ಯಾರು ತಂದಿದ್ದರೋ ಆ ಅಜ್ಜಿಯ ಬುಟ್ಟಿಗೇ ಬಂದು ಬಿದ್ದಾಗ ಅಂಗಳವೆಲ್ಲ ನಕ್ಕಿತು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಂಗಸರು 1910ರಲ್ಲಿ ಆರಂಭಿಸಿ ಇಂದಿಗೂ ನಡೆಸಿಕೊಂಡು ಬಂದಿರುವ ಹಿಡಿ ಅಕ್ಕಿಯ ಕ್ರಮವೂ ಇಂಥದ್ದೇ: ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಬೇರೆ ತೆಗೆದಿಟ್ಟು ಸಭೆಗೆ ಕೊಡುವುದು. ನಿಮ್ಮ ನೆರೆಯ ಕಥೋಲಿಕರ ಮನೆಗಳಲ್ಲಿ ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ದೂರದ ಊರಿನಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ಕಳುಹಿಸುವುದುಂಟು. ಅದನ್ನು ಬಾಯಿಗೆ ಹಾಕಿಕೊಂಡರೆ ಪಂಕ್ತಿಯಲ್ಲಿ ಕುಳಿತಂತೆಯೇ ಲೆಕ್ಕ. ಇವುಗಳಲ್ಲಿ ದೊಡ್ಡ ದೈವಶಾಸ್ತ್ರ ಕಾಣದಿದ್ದವರು ಕೊರಿಂಥದ ಪತ್ರಿಕೆಯನ್ನು ಇನ್ನೊಮ್ಮೆ ಓದಬೇಕು.

ಉಳಿದದ್ದು ಮಕ್ಕಳ ಭಾಷೆಯ ಪ್ರಶ್ನೆ. ನಿಮ್ಮ ಮನೆಮಾತು ತುಳು ಎಂದು ಬರೆದಿದ್ದೀರಿ. ಹಾಗಿದ್ದರೆ ನಿಮ್ಮ ಅಜ್ಜ ಅಜ್ಜಿಯರಿಗೂ ಆರಾಧನೆಯ ಭಾಷೆ ಮನೆಮಾತಾಗಿರಲಿಲ್ಲ. ಅಡಿಗೆಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ ಎಂದು ಎರಡನ್ನೂ ಹೊತ್ತು ಬಂದವರು ಅವರು. ಆದ್ದರಿಂದ ಕನ್ನಡದಲ್ಲಿ ಕೇಳಿದರೆ ಮಾತ್ರ ವಿಶ್ವಾಸ ಉಳಿಯುತ್ತದೆ ಎಂದು ನಾನು ಹೆದರಿಸುವುದಿಲ್ಲ. ಮಕ್ಕಳು ಯಾವ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಾರೋ ಆ ಭಾಷೆಯಲ್ಲಿ ಭಾನುವಾರ ಶಾಲೆ ಇರಲಿ, ಅದು ಇಂಗ್ಲಿಷಾದರೂ ಸರಿ. ಆದರೆ ತಿಂಗಳಿಗೆ ಒಂದು ಸಲವಾದರೂ, ಸಂಸ್ಕಾರದ ಭಾನುವಾರ, ಎಲ್ಲರೂ ಕನ್ನಡ ಆರಾಧನೆಗೆ ಹೋಗಿ. ಮಕ್ಕಳು ತಮ್ಮ ವಯಸ್ಸಿನವರಲ್ಲದ, ತಮ್ಮ ಶಾಲೆಯವರಲ್ಲದ ಜನರ ನಡುವೆ ಒಂದು ಗಂಟೆ ಕುಳಿತುಕೊಳ್ಳಲಿ. ಡಿಸೆಂಬರಿನಲ್ಲಿ ಊರಿಗೆ ಹೋಗುವ ಮೊದಲು ಅವರ ಅಜ್ಜಿಗೆ ಬಾಯಿಪಾಠವಿರುವ ಕೀರ್ತನೆ ಯಾವುದೆಂದು ಫೋನಿನಲ್ಲಿ ಕೇಳಿ, ಅದರ ಎರಡು ಚರಣಗಳನ್ನಾದರೂ ಅವರಿಗೆ ಕಲಿಸಿ. ರಾಗ ತಪ್ಪಿದರೆ ತಿದ್ದಲು ಅಜ್ಜಿ ಇದ್ದಾರೆ.